ಹನಕಾಪಿಯಾಯಿ ಜಲಪಾತದ ಚಾರಣ: ಹಳ್ಳ ದಾಟುವ ಬಗ್ಗೆ ಸಲಹೆ ಬೇಕು

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಯಲ್ಲಿ ನಾವು ಸ್ಯಾನ್ ಹೋಸೆಯಿಂದ ಹವಾಯಿಯ ಕವಾಯಿ ದ್ವೀಪಕ್ಕೆ ಹೋಗುತ್ತಿದ್ದು, ಕೀಎ ಕಡಲತೀರದಿಂದ ಹೊರಟು ಹನಕಾಪಿಯಾಯಿ ಕಣಿವೆಯ ಜಲಪಾತದವರೆಗೆ ನಡೆಯಬೇಕೆಂಬ ಆಸೆಯಿದೆ. ತೀರ್ಥಹಳ್ಳಿಯಿಂದ ಬಂದಿರುವ 64 ವರ್ಷದ ಅಪ್ಪ ಮತ್ತು 11 ವರ್ಷದ ಮಗಳು ಜೊತೆಗಿರುತ್ತಾರೆ. ಅಪ್ಪ ಕೊಡಚಾದ್ರಿಯನ್ನು ಹಲವು ಸಲ ಹತ್ತಿದವರು. ಆದರೆ ಸೇತುವೆಯಿಲ್ಲದ ಹಳ್ಳವನ್ನು ದಾಟಬೇಕೆಂದು ಓದಿದಾಗಿನಿಂದ ನನಗೆ ಚಿಂತೆಯಾಗಿದೆ. ಇಬ್ಬರನ್ನೂ ಕರೆದೊಯ್ಯಬಹುದೇ?

ಉತ್ತರ 1:
ನಾನು ಎರಡು ಸಲ ಹೋಗಿದ್ದೇನೆ. ಒಮ್ಮೆ ಜಲಪಾತ ಕಂಡೆ, ಇನ್ನೊಮ್ಮೆ ಹಳ್ಳದ ದಡದಿಂದಲೇ ಹಿಂದಿರುಗಿದೆ. ಕೀಎಯಿಂದ ಹನಕಾಪಿಯಾಯಿ ಕಡಲತೀರಕ್ಕೆ 2 ಮೈಲಿ, ಅಲ್ಲಿಂದ ಕಣಿವೆಯೊಳಗೆ ಮತ್ತೆ 2 ಮೈಲಿ. ಹೋಗಿಬರಲು ಸುಮಾರು 13 ಕಿಲೋಮೀಟರ್ ಆಗುತ್ತದೆ. ನಿಮ್ಮ ತಂದೆಯವರಿಗೆ ಏರಿಳಿತ ಹೊಸದಲ್ಲ, ಕೆಸರು ಜಾರುವುದರಿಂದ ಊರುಗೋಲು ಮಾತ್ರ ಇರಲಿ.

ಹಳ್ಳದ ವಿಷಯ ಬೇರೆ. ಕಡಲ ದಡದಲ್ಲಿ ಬಿಸಿಲಿರುವಾಗಲೇ ಮೇಲಿನ ಬೆಟ್ಟಗಳಲ್ಲಿ ಮಳೆ ಹೊಯ್ದು, ಮೊಣಕಾಲುದ್ದದ ನೀರು ಸ್ವಲ್ಪ ಹೊತ್ತಿನಲ್ಲೇ ದಾಟಲಾಗದಷ್ಟು ಏರಿಬಿಡುತ್ತದೆ. 2014ರ ಫೆಬ್ರವರಿಯಲ್ಲಿ ಹೀಗೆ ಸಿಲುಕಿದ ನೂರಕ್ಕೂ ಹೆಚ್ಚು ಚಾರಣಿಗರನ್ನು ರಕ್ಷಿಸಬೇಕಾಯಿತು. ನೀರು ಮೊಣಕಾಲು ಮೀರಿದ್ದರೆ ಅಥವಾ ಕೆಂಪಾಗಿದ್ದರೆ ದಾಟಬೇಡಿ. ದಾಟಿದ ಮೇಲೆ ಏರಿದರೆ, ಇಳಿಯುವವರೆಗೂ ಎತ್ತರದ ಜಾಗದಲ್ಲಿ ಕಾಯಿರಿ, ರಾತ್ರಿಯಾದರೂ ಸರಿ. ಕತ್ತಲಾಗುತ್ತದೆಂಬ ಅವಸರದಲ್ಲಿ ನೀರಿಗಿಳಿಯುವುದಕ್ಕಿಂತ ದೊಡ್ಡ ಅಪಾಯ ಈ ದಾರಿಯಲ್ಲಿಲ್ಲ.

ಉತ್ತರ 2:
ಮೇಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಕಣಿವೆಯೊಳಗೆ ಬಿದಿರುಮೆಳೆಗಳ ನಡುವೆ ಹಳೆಯ ಕಾಫಿ ಗಿರಣಿಯ ಕಲ್ಲಿನ ಚಿಮಣಿಯೂ, ಹವಾಯಿಯ ಮೂಲನಿವಾಸಿಗಳು ಕೆಸು ಬೆಳೆಯಲು ಕಟ್ಟಿದ ಗದ್ದೆಗಳ ಕಲ್ಲುಕಟ್ಟೆಗಳೂ ಸಿಗುತ್ತವೆ. ಹಳ್ಳದ ನೀರನ್ನು ತಿರುಗಿಸಿ ಗದ್ದೆಯಿಂದ ಗದ್ದೆಗೆ ಇಳಿಸುವ ಆ ಜಾಣ್ಮೆಯನ್ನು ಮಲೆನಾಡಿನ ನಿಮ್ಮ ತಂದೆಯವರು ನೋಡಿದ ಕೂಡಲೇ ಗುರುತಿಸುತ್ತಾರೆ. ಆ ಕಟ್ಟೆಗಳನ್ನು ಯಾರೂ ಹತ್ತದಂತೆ ನೋಡಿಕೊಳ್ಳಿ. ನಮ್ಮಲ್ಲಿ ಗದ್ದೆ ಕೆಲಸದವರನ್ನು ಕಾಡುವ ಇಲಿ ಜ್ವರ ಅಲ್ಲಿಯೂ ಇದೆ. ಆದ್ದರಿಂದ ಹಳ್ಳದ ನೀರು ಕುಡಿಯಬೇಡಿ, ಮೈಮೇಲೆ ಗಾಯವಿದ್ದವರು ಜಲಪಾತದ ಮಡುವಿನಲ್ಲಿ ಈಜಬೇಡಿ. ಸುಮಾರು 300 ಅಡಿಯ ಬಂಡೆಯಿಂದ ಕಲ್ಲುಗಳು ಉದುರುವುದರಿಂದ ಅದರ ಬುಡದಲ್ಲಿ ನಿಲ್ಲುವುದೂ ಬೇಡ. ಡಿಸೆಂಬರ್ ತಿಂಗಳ ಅಲೆಗಳು ಭಯಂಕರ. ಮಗಳು ಸಮುದ್ರಕ್ಕೆ ಕಾಲಿಡದಿರಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹಳ್ಳದ ದಡದವರೆಗೆ ಎಲ್ಲರೂ ಹೋಗಿ, ಮುಂದಿನದನ್ನು ನೀರು ನೋಡಿ ತೀರ್ಮಾನಿಸುತ್ತೇವೆ. ಅಪ್ಪನ ಮಾತೇ ಅಂತಿಮವೆಂದು ಒಪ್ಪಿಕೊಂಡಿದ್ದೇವೆ. ಪ್ರವೇಶಕ್ಕೆ ಮೊದಲೇ ಅನುಮತಿ ಬೇಕೇ?

ಉತ್ತರ 3:
ಬೇಕು. 2018ರ ಏಪ್ರಿಲ್‌ನಲ್ಲಿ ಇದೇ ಉತ್ತರ ತೀರದ ವಾಯಿಪಾದಲ್ಲಿ 24 ಗಂಟೆಗಳಲ್ಲಿ 1,262 ಮಿಲಿಮೀಟರ್ ಮಳೆ ಸುರಿದು ರಸ್ತೆ ಕೊಚ್ಚಿಹೋದ ಮೇಲೆ, ಚಾರಣ ಶುರುವಾಗುವ ಕೀಎ ಕಡಲತೀರವಿರುವ ಹಾಎನಾ ಉದ್ಯಾನ 2019ರ ಜೂನ್‌ವರೆಗೆ ಮುಚ್ಚಿತ್ತು. ಮತ್ತೆ ತೆರೆದಾಗಿನಿಂದ ಹವಾಯಿಯ ಹೊರಗಿನವರು ಮುಂಗಡ ಕಾಯ್ದಿರಿಸಲೇಬೇಕು. 30 ದಿನ ಮೊದಲು ಬುಕಿಂಗ್ ಆರಂಭವಾಗುತ್ತದೆ, ರಜಾಕಾಲದಲ್ಲಿ ಬೇಗ ಮುಗಿಯುತ್ತದೆ. ಜಲಪಾತ ನೋಡಿ ಅದೇ ದಿನ ಮರಳುವವರಿಗೆ ಶಿಬಿರದ ಪರವಾನಗಿ ಬೇಕಿಲ್ಲ. ಬೆಳಗಿನ ಮೊದಲ ಅವಧಿಯನ್ನೇ ಆರಿಸಿಕೊಳ್ಳಿ; ನೀರು ಏರಿದರೂ ಕಾಯಲು ಹಗಲು ಉಳಿದಿರುತ್ತದೆ.