ತಂತಿ ಬದಲಿಸಿದ ಮೇಲೆ ಎಫ್-5 ಮ್ಯಾಂಡೊಲಿನ್ ಕೆಟ್ಟಿತು: ಜಿ ತಂತಿ ಗರಗರ, ಇ ತಂತಿ ಒತ್ತಲಿಕ್ಕೇ ಆಗುವುದಿಲ್ಲ

ಬಿಜೈ_ಎಂಟುತಂತಿ (ಮಂಗಳೂರು)

ನಮಸ್ಕಾರ. ಕಳೆದ ಡಿಸೆಂಬರಿನಲ್ಲಿ ಕೈಯಲ್ಲೇ ಮಾಡಿದ ಎಫ್-5 ಮಾದರಿಯ ಮ್ಯಾಂಡೊಲಿನ್ ತೆಗೆದುಕೊಂಡೆ. ಸೆಕೆಂಡ್ ಹ್ಯಾಂಡ್, ಅಮೆರಿಕದಿಂದ ಬಂದದ್ದು. ಮೇಲೆ ಸ್ಪ್ರೂಸ್, ಹಿಂದೆ ಮೇಪಲ್. ಬೆಲೆ ಇಲ್ಲಿ ಬರೆಯುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ.

ಮೇ ತಿಂಗಳವರೆಗೆ ಒಂದೇ ಒಂದು ದೂರಿರಲಿಲ್ಲ. ಜುಲೈಯಲ್ಲಿ ಪೆಟ್ಟಿಗೆ ತೆರೆದರೆ ತಂತಿಗಳ ಅಡಿಯಲ್ಲಿ ತೆಳುವಾಗಿ ಬೂಷ್ಟು. ಎಂಟೂ ತಂತಿ ಬಿಚ್ಚಿ, ಒಣ ಬಟ್ಟೆಯಲ್ಲಿ ಒರೆಸಿ, ಹೊಸ ಸೆಟ್ ಹಾಕಿದೆ. ಅಂದಿನಿಂದ ಜಿ ತಂತಿ (ಎಲ್ಲಕ್ಕಿಂತ ದಪ್ಪದ ಜೊತೆ) ಗರಗರ ಅನ್ನುತ್ತದೆ. ಇ ತಂತಿ (ಎಲ್ಲಕ್ಕಿಂತ ಸಣ್ಣ ಜೊತೆ) ಒತ್ತಿದರೆ ಬೆರಳು ನೋಯುತ್ತದೆ. 7ನೇ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ದಾಟಿದರೆ ಶ್ರುತಿ ಮೇಲಕ್ಕೆ ಹೋಗುತ್ತದೆ. ನಾದವೂ ಮಂಕು.

ಮೊನ್ನೆ ಭಾನುವಾರ ಮಣಿಪಾಲದ ಗೆಳೆಯ ತನ್ನ ಎ ಮಾದರಿಯ (ಸುರುಳಿ ಇಲ್ಲದ, ಸರಳ ಆಕಾರದ) ಮ್ಯಾಂಡೊಲಿನ್ ತಂದಿದ್ದ. ಬೆಲೆ ನನ್ನದರ ಅರ್ಧವೂ ಇಲ್ಲ. ಇಗರ್ಜಿಯ ಹಾಡಿನ ಅಭ್ಯಾಸದಲ್ಲಿ ಎಲ್ಲರೂ ಅವನದ್ದೇ ಚೆಂದ ಅಂದರು. ನಾನು ಮೋಸ ಹೋದೆನಾ? ಮಾರಿಬಿಡಲಾ?

ಕೋಡಿ_ಕಡಲು (ಕುಂದಾಪುರ)

ಮಳೆಗಾಲ ಅಲ್ವಾ ಮಾರಾಯ್ರೆ. ಮರ ನೀರು ಕುಡಿದು ಉಬ್ಬಿದೆ. ಪೆಟ್ಟಿಗೆಯೊಳಗೆ ಒಂದು ಬಟ್ಟೆ ಚೀಲದಲ್ಲಿ ಅಕ್ಕಿ ಹಾಕಿ ಇಡಿ. ನಾನು ವರ್ಷಗಳಿಂದ ಹಾಗೇ ಮಾಡುವುದು.

ಹಳೇಫ್ರೆಟ್ (ಉಡುಪಿ)

ಅಕ್ಕಿ ಊಟಕ್ಕಿರಲಿ. ಮಳೆಯ ಮೇಲೆ ನನಗೂ ಸಂಶಯ ಬಂತು, ಆದರೆ ಲಕ್ಷಣ ಕೂಡುವುದಿಲ್ಲ. ತೇವ ಕುಡಿದು ಮೇಲ್ಹಲಗೆ ಉಬ್ಬಿದರೆ ಬ್ರಿಡ್ಜ್ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಇಡಿಯಾಗಿ ಮೇಲೇಳುತ್ತದೆ, ಎರಡೂ ಕಡೆ ತಂತಿ ಎತ್ತರವಾಗುತ್ತದೆ. ನಿಮ್ಮದರಲ್ಲಿ ಇ ಎತ್ತರ, ಜಿ ತಗ್ಗು ಇದ್ದ ಹಾಗೆ ಕಾಣುತ್ತದೆ.

ಮೂರು ವಿಷಯ ನೋಡಿ ಹೇಳಿ. 12ನೇ ಫ್ರೆಟ್ ಮೇಲೆ ಜಿ ಮತ್ತು ಇ ತಂತಿಗಳ ಅಡಿ ಎಷ್ಟು ಮಿಲಿಮೀಟರ್ ಜಾಗ ಇದೆ? ಬ್ರಿಡ್ಜ್ ಮೇಲಿನ ಕಚ್ಚುಗಳಲ್ಲಿ ತಂತಿಗಳು ಸರಿಯಾಗಿ ಕೂತಿವೆಯಾ? ಬ್ರಿಡ್ಜ್ ಪಾದದ ಅಡಿಯಲ್ಲಿ ತೆಳು ಕಾಗದ ತೂರುತ್ತದಾ?

ಬಿಜೈ_ಎಂಟುತಂತಿ

ಜಿ ಅಡಿ 1 ಮಿ.ಮೀ. ಇ ಅಡಿ 2.4. ಜಿ ತಂತಿ ಕಚ್ಚಿನೊಳಗೆ ಇಳಿದೇ ಇಲ್ಲ, ಮೇಲೆ ಕೂತ ಹಾಗಿದೆ. ಇ ತಂತಿ ತನ್ನ ಕಚ್ಚಿನಲ್ಲಿ ಅತ್ತಿತ್ತ ಆಡುತ್ತದೆ. ಬಸ್ ಟಿಕೆಟ್ ಒಂದನ್ನು ಪಾದದ ಒಂದು ತುದಿಯ ಅಡಿಗೆ ಸಲೀಸಾಗಿ ತೂರಿಸಿದೆ.

ಹಳೇಫ್ರೆಟ್

ಸಿಕ್ಕಿತು. ನಿಮ್ಮ ಬ್ರಿಡ್ಜ್ ಉಲ್ಟಾ ಕೂತಿದೆ.

ಮ್ಯಾಂಡೊಲಿನ್‌ನಲ್ಲಿ ಬ್ರಿಡ್ಜ್ ಅಂಟಿಸಿರುವುದಿಲ್ಲ. ತಂತಿಗಳ ಒತ್ತಡ ಮಾತ್ರ ಅದನ್ನು ಹಿಡಿದಿಡುತ್ತದೆ. ನೀವು ಎಂಟನ್ನೂ ಬಿಚ್ಚಿದಾಗ ಅದು ಕೈಗೆ ಬಂದಿರುತ್ತದೆ. ಒರೆಸಿ ತಿರುಗಿ ಇಡುವಾಗ ಎಡಬಲ ಅದಲು ಬದಲಾಗಿದೆ. ದಪ್ಪ ಜಿ ತಂತಿ ಇ ತಂತಿಯ ಸಣ್ಣ ಕಚ್ಚಿನ ಮೇಲೆ ಕೂತಿದೆ. ಸಣ್ಣ ಇ ತಂತಿ ಜಿಯ ಅಗಲ ಕಚ್ಚಿನಲ್ಲಿ ಆಡುತ್ತಿದೆ. ಎತ್ತರ ಹೊಂದಿಸುವ ಎರಡು ಚಕ್ರಗಳಲ್ಲಿ ಜಿ ಕಡೆಯದ್ದು ಸಾಮಾನ್ಯವಾಗಿ ಸ್ವಲ್ಪ ಮೇಲಿರುತ್ತದೆ. ಈಗ ಆ ಎತ್ತರ ಇ ಕಡೆ ಹೋಗಿದೆ. ಎತ್ತರದ ತಂತಿಯನ್ನು ಫ್ರೆಟ್‌ಗೆ ಮುಟ್ಟಿಸಲು ಜಾಸ್ತಿ ಎಳೆಯಬೇಕು, ಅದಕ್ಕೇ ಶ್ರುತಿ ಏರುವುದು.

ನಾದ ಮಂಕಾಗಿದ್ದೂ ಇದರಿಂದಲೇ. ಒಳ್ಳೆಯ ಕೆಲಸಗಾರ ಬ್ರಿಡ್ಜ್ ಪಾದವನ್ನು ಆ ಒಂದು ಮೇಲ್ಹಲಗೆಯ ಉಬ್ಬಿಗೇ ಉಜ್ಜಿ ಉಜ್ಜಿ ಕೂರಿಸಿರುತ್ತಾನೆ. ತಿರುಗಿಸಿಟ್ಟರೆ ಪಾದದ ಒಂದು ಭಾಗ ಗಾಳಿಯಲ್ಲಿ. ತಂತಿಯ ಕಂಪನ ಮರಕ್ಕೆ ಇಳಿಯುವುದೆಲ್ಲಿಂದ? ಬಸ್ ಟಿಕೆಟ್ ತೂರಿದ್ದು ಇದೇ ಜಾಗ.

ತಂತಿಗಳನ್ನು ಪೂರ್ತಿ ಬಿಚ್ಚಬೇಡಿ, ಸಡಿಲ ಮಾಡಿ. ಬ್ರಿಡ್ಜ್ ತಿರುಗಿಸಿ. ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್‌ಗೆ ಎಷ್ಟು ದೂರವೋ ಅಲ್ಲಿಂದ ಬ್ರಿಡ್ಜ್‌ಗೂ ಅಷ್ಟೇ ದೂರ, ಅದಕ್ಕಿಂತ ಒಂದೆರಡು ಮಿ.ಮೀ. ಹಿಂದಕ್ಕೆ. ಶ್ರುತಿ ಮಾಡಿ, 12ನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮೀಟಿದ ಸ್ವರ) ಮತ್ತು ಅಲ್ಲೇ ಒತ್ತಿದ ಸ್ವರ ಎರಡನ್ನೂ ಟ್ಯೂನರ್‌ನಲ್ಲಿ ನೋಡಿ. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್ ಬಾಲದ ಕಡೆಗೆ, ಇಳಿದಿದ್ದರೆ ಕುತ್ತಿಗೆಯ ಕಡೆಗೆ. ತಂತಿ ಪೂರ್ತಿ ಬಿಗಿ ಇರುವಾಗ ಚಕ್ರ ತಿರುಗಿಸಬೇಡಿ, ಅದರ ಸ್ಕ್ರೂವಿನ ಎಳೆ ಹಾಳಾಗುತ್ತದೆ. ಗುರುತಿಗೆ ಅಂತ ಮೇಲ್ಹಲಗೆಗೆ ಟೇಪ್ ಅಂಟಿಸಲೂಬೇಡಿ. ಕೈಯಿಂದ ಹಚ್ಚಿದ ವಾರ್ನಿಶ್ ಟೇಪಿನ ಜೊತೆಗೇ ಎದ್ದು ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ, ಊಟ ಸೇರಲಿಲ್ಲ ಆ ದಿನ. ಇನ್ನು ಮುಂದೆ ಒಂದೊಂದೇ ಜೊತೆ ಬದಲಿಸಿ.

ಬಿಜೈ_ಎಂಟುತಂತಿ

ಸಂಜೆ ಮಾಡುತ್ತೇನೆ. ಆದರೆ ಗೆಳೆಯನದ್ದು? ಸರಿಯಾದ ಮೇಲೂ ಅವನದ್ದೇ ಚೆಂದ ಕೇಳಿದರೆ?

ಹಳೇಫ್ರೆಟ್

ಕೇಳಬಹುದು. ಅವನದ್ದಕ್ಕೆ ಮೊಟ್ಟೆಯಾಕಾರದ ತೂತಾ?

ಬಿಜೈ_ಎಂಟುತಂತಿ

ಹೌದು.

ಹಳೇಫ್ರೆಟ್

ಹಾಗಾದರೆ ನೀವು ತೂಗುತ್ತಿರುವುದು ಎರಡು ಬೇರೆ ಜಾತಿಯ ವಾದ್ಯ. 1922ರಲ್ಲಿ ಗಿಬ್ಸನ್ ಕಂಪೆನಿ ಎಫ್-5 ತಂದಾಗ ಪಿಟೀಲಿನ ಹಾಗೆ ಎರಡು ಎಫ್ ತೂತು ಇಟ್ಟಿತು. ಅದರ ವಿನ್ಯಾಸದ ಹಿಂದಿದ್ದ ಲಾಯ್ಡ್ ಲೋರ್ ಅಲ್ಲಿದ್ದದ್ದು 1924ರವರೆಗೆ. ಅವರ ಸಹಿ ಇರುವ ವಾದ್ಯಗಳೇ ಇಂದಿನ ಹೆಚ್ಚಿನ ಕೆಲಸಗಾರರಿಗೆ ಅಳತೆಗೋಲು. ಬ್ಲೂಗ್ರಾಸ್ ಎಂಬ ಅಮೆರಿಕದ ಸಂಗೀತ ಶೈಲಿಯ ಬಿಲ್ ಮನ್ರೋ ಅವರ ಎಫ್-5 1923ರದ್ದು. ಎಫ್ ತೂತಿನ ನಾದ ಚೂಪು, ಗಲಾಟೆಯ ಮಧ್ಯೆ ಸೀಳಿಕೊಂಡು ಬರುತ್ತದೆ. ಮೊಟ್ಟೆ ತೂತಿನದ್ದು ದುಂಡಗೆ, ಜಾಸ್ತಿ ಹೊತ್ತು ನಿಲ್ಲುತ್ತದೆ. ನಿಧಾನದ ಭಕ್ತಿಗೀತೆಗೆ ಅದೇ ಗೆಲ್ಲಬಹುದು. ಮದುವೆಯ ಹಿಂದಿನ ದಿನ ರೋಸ್ (ತೆಂಗಿನ ಹಾಲಿನ ಶಾಸ್ತ್ರ) ಮನೆಯಲ್ಲಿ ಡ್ರಮ್ಮು, ಕೀಬೋರ್ಡಿನ ಎದುರು ಇಬ್ಬರೂ ನುಡಿಸಿ ನೋಡಿ, ಆಗ ಹೇಳಿ.

ಇನ್ನು ಬೆಲೆ. ಎಫ್ ಮಾದರಿಯ ಹೆಗಲಿನ ಆ ಸುರುಳಿ ಕೆತ್ತಲು, ಅಂಚಿನ ಪಟ್ಟಿ ಬಗ್ಗಿಸಿ ಕೂರಿಸಲು ದಿನಗಟ್ಟಲೆ ಕೆಲಸ. ದುಡ್ಡಿನ ದೊಡ್ಡ ಪಾಲು ಅಲ್ಲಿಗೆ ಹೋಗುತ್ತದೆ. ಸುರುಳಿ ಕಣ್ಣಿಗೆ, ಕಿವಿಗೆ ಅದರಿಂದ ಅಂಥ ಲಾಭವಿಲ್ಲ. ಸುರುಳಿ ಇಲ್ಲದ, ಎಫ್ ತೂತಿರುವ ಒಳ್ಳೆಯ ಎ-5 ಸಿಕ್ಕಿದ್ದರೆ ನಾನಾದರೆ ಅದನ್ನೇ ಕೊಳ್ಳುತ್ತಿದ್ದೆ. ನಿಮ್ಮ ಮನೆಯವರು ಓದುತ್ತಾರೆಂದು ಮರೆತೆ, ಕ್ಷಮಿಸಿ.

ಹೋಲಿಸುವುದಿದ್ದರೆ ಎರಡಕ್ಕೂ ಒಂದೇ ಕಂಪೆನಿಯ ಒಂದೇ ದಪ್ಪದ ಹೊಸ ತಂತಿ, ಒಂದೇ ಪಿಕ್, ಒಂದೇ ಕೋಣೆ. ನುಡಿಸುವವನ ಕಡೆ ಬೆನ್ನು ಹಾಕಿ ಕೂತು ಕೇಳಿ. ಸುರುಳಿ ಕಂಡರೆ ಕಿವಿ ಸುಳ್ಳು ಹೇಳುತ್ತದೆ.

ಬಿಜೈ_ಎಂಟುತಂತಿ

ರಾತ್ರಿ 11 ಗಂಟೆ. ಬ್ರಿಡ್ಜ್ ಉಲ್ಟಾನೇ ಇತ್ತು. ಈಗ ಜಿ ಅಡಿ 1.9, ಇ ಅಡಿ 1.5. ಟಿಕೆಟ್ ತೂರುವುದಿಲ್ಲ. ಗರಗರ ಪೂರ್ತಿ ಹೋಯಿತು. ಮಾವ ಬಂದು "ಮ್ಯಾಂಡೊಲಿನ್ ಶ್ರೀನಿವಾಸ್ ಹಾಗೆ ಕೇಳುವುದಿಲ್ಲವಲ್ಲ" ಅಂದರು. ಅವರದ್ದು ಐದು ತಂತಿಯ ಎಲೆಕ್ಟ್ರಿಕ್, ಇದು ಬೇರೆ ಅಂತ ವಿವರಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು.

ಬೂಷ್ಟಿಗೆ ಎಂತ ಮಾಡುವುದು?

ಹಳೇಫ್ರೆಟ್

ಪೆಟ್ಟಿಗೆಯೊಳಗೆ ತೇವ ಅಳೆಯುವ ಒಂದು ಹೈಗ್ರೋಮೀಟರ್ ಇಡಿ. ಇಂಥ ವಾದ್ಯಕ್ಕೆ ಶೇ. 45-50 ತೇವ ಹಿತ. ನಮ್ಮಲ್ಲಿ ಜುಲೈಯಲ್ಲಿ 90ರ ಹತ್ತಿರ ಹೋಗುತ್ತದೆ. ಬಣ್ಣ ಬದಲಿಸುವ ಸಿಲಿಕಾ ಜೆಲ್ ಇಟ್ಟು, ಬಣ್ಣ ಹೋದಾಗ ಬಿಸಿ ಮಾಡಿ ಮತ್ತೆ ಬಳಸಿ. ಏಸಿಯ ಗಾಳಿ ನೇರ ಬೀಳುವಲ್ಲಿ ಮಾತ್ರ ಇಡಬೇಡಿ. ಉಬ್ಬಿದ ಮರ ಇಳಿಯುತ್ತದೆ, ಒಣಗಿ ಬಿರಿದದ್ದು ಕೂಡುವುದಿಲ್ಲ.

ಕೋಡಿ_ಕಡಲು

ಇದನ್ನೆಲ್ಲ ಓದಿ ನನ್ನದರ ಪೆಟ್ಟಿಗೆ ತೆರೆದು ನೋಡಿದೆ. ಬ್ರಿಡ್ಜ್ ಸರಿ ಉಂಟು. ಅಕ್ಕಿಯಲ್ಲಿ ಹುಳ ಆಗಿದೆ.