ಹಳೆಯ ಎಫ್‌ಟಿ-857ಡಿ: ದುಡ್ಡು ಕೊಡುವ ಮುನ್ನ ಏನು ನೋಡಬೇಕು?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಯಾಯೆಸು (Yaesu) ಎಫ್‌ಟಿ-857ಡಿ ಹ್ಯಾಮ್ ರೇಡಿಯೊ ಸೆಟ್ ಸಿಗುತ್ತಿದೆ. ರಿಸೀವ್ ಚೆನ್ನಾಗಿದೆ. ಇನ್ನೇನು ಪರೀಕ್ಷಿಸಲಿ?

ಉತ್ತರ 1: ರಿಸೀವ್ ಕೇಳಿ ಒಪ್ಪಿಕೊಳ್ಳಬೇಡಿ ಸರ್, ಖರ್ಚು ಬರುವುದು ಟ್ರಾನ್ಸ್‌ಮಿಟ್ ಕಡೆ. 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ಹಾಕಿ ಪವರ್ ಹೀರಿಸುವ ರೆಸಿಸ್ಟರ್), ಪವರ್ ಮೀಟರ್, 13.8 ವೋಲ್ಟಿನ 25 ಆಂಪಿಯರ್ ಸಪ್ಲೈ ಒಯ್ಯಿರಿ. ಸಿಡಬ್ಲ್ಯೂ (ಮೋರ್ಸ್) ಮೋಡಿನಲ್ಲಿ ಪ್ರತಿ ಬ್ಯಾಂಡಿಗೆ ಐದು ಸೆಕೆಂಡ್ ಮೋರ್ಸ್ ಕೀ ಒತ್ತಿ. ಎಚ್‌ಎಫ್‌ನಲ್ಲಿ (ಶಾರ್ಟ್‌ವೇವ್ ಬ್ಯಾಂಡುಗಳು) 100, 144 ಮೆಗಾಹರ್ಟ್ಸ್‌ನಲ್ಲಿ (ವಿಎಚ್‌ಎಫ್) 50, 430ರಲ್ಲಿ (ಯುಎಚ್‌ಎಫ್) 20 ವ್ಯಾಟ್ ಆಸುಪಾಸು ಬರಬೇಕು. ವಿಎಚ್‌ಎಫ್, ಯುಎಚ್‌ಎಫ್‌ಗೆ ಆಂಟೆನಾ ಸಾಕೆಟ್ ಬೇರೆ, ಮರೆಯಬೇಡಿ. ಒಂದೇ ಬ್ಯಾಂಡಿನಲ್ಲಿ ಕಡಿಮೆಯಾದರೆ ಆ ಬ್ಯಾಂಡಿನ ಲೋ ಪಾಸ್ ಫಿಲ್ಟರ್ (ಬೇಡದ ಮೇಲಿನ ಫ್ರೀಕ್ವೆನ್ಸಿ ತಡೆಯುವ ಭಾಗ) ಇಲ್ಲವೇ ಅದನ್ನು ಜೋಡಿಸುವ ರಿಲೇ ಮೇಲೆ ಅನುಮಾನ. ಎಚ್‌ಎಫ್ ಪೂರ್ತಿ ಕುಸಿದಿದ್ದರೆ ಡ್ರೈವರ್ ಅಥವಾ ಫೈನಲ್ಸ್ (ಪವರ್ ಹೆಚ್ಚಿಸುವ ಕೊನೆಯ ಹಂತದ ಟ್ರಾನ್ಸಿಸ್ಟರ್‌ಗಳು) ಮೇಲೆ. ಅದಕ್ಕೂ ಮೊದಲು, ಕೀ ಒತ್ತಿರುವಾಗಲೇ ಸೆಟ್ಟಿನ ಡಿಸಿ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಸಣ್ಣ ವೈರಿನಿಂದಲೂ ಪವರ್ ಬೀಳುತ್ತದೆ.

ಉತ್ತರ 2: ಡಿಸ್ಪ್ಲೇ ಅರ್ಧ ಗಂಟೆ ಆನ್ ಇಟ್ಟು ನೋಡಿ. ಈ ಮಾಡೆಲ್‌ನಲ್ಲಿ ಗೆರೆಗಳು ಮೂಡುವುದು ಹೆಸರುವಾಸಿ ತೊಂದರೆ.

ಉತ್ತರ 3: ಫ್ರೀಕ್ವೆನ್ಸಿ ಸರಿಯಿದೆಯೇ ತಿಳಿಯಲು: 15 ಮೆಗಾಹರ್ಟ್ಸ್ ಸುತ್ತಲಿನ ಶಾರ್ಟ್‌ವೇವ್ ಪ್ರಸಾರವೊಂದನ್ನು ಅದರ ನಿಖರ ಫ್ರೀಕ್ವೆನ್ಸಿಗಿಟ್ಟು ಯುಎಸ್‌ಬಿ, ಎಲ್‌ಎಸ್‌ಬಿ (ಸಿಗ್ನಲ್ಲಿನ ಮೇಲಿನ, ಕೆಳಗಿನ ಸೈಡ್‌ಬ್ಯಾಂಡ್ ಕೇಳುವ ಮೋಡ್‌ಗಳು) ಬದಲಿಸಿ. ಧ್ವನಿಯ ಸ್ಥಾಯಿ ಎರಡರಲ್ಲೂ ಒಂದೇ ಇದ್ದರೆ ಸರಿ. ಸ್ಕ್ರೂ ತಲೆ ಸವೆದಿದ್ದರೆ ಯಾರೋ ಬಿಚ್ಚಿರಬಹುದು, ಮುಚ್ಚಳ ತೆಗೆಸಿ ನೋಡಿ. ಸೀರಿಯಲ್ ನಂಬರ್ ಬಿಲ್ಲಿಗೆ ತಾಳೆಯಾಗದಿದ್ದರೆ ಬೇಡವೇ ಬೇಡ.