ದಾನದ ದುಡ್ಡು ಉದ್ಯಮಕ್ಕೆ ಹಾಕಿದರೆ ಸಣ್ಣ ಉದ್ಯಮಿ ನಿಜವಾಗಿ ಬೆಳೀತಾನಾ?

ಪ್ರಶ್ನೆ:
ಪುಕ್ಕಟೆ ಹಂಚಬೇಡಿ, ಅದೇ ದುಡ್ಡನ್ನು ಬಡ ದೇಶಗಳ ಉದ್ಯಮಗಳಲ್ಲಿ ಹೂಡಿ ಅಂತ ಈಗ ಎಲ್ಲರೂ ಹೇಳುತ್ತಾರೆ. ಪುಕ್ಕಟೆ ಮಾಲು ಬಂದರೆ ಅಲ್ಲಿನ ವ್ಯಾಪಾರಿ ಮುಳುಗುತ್ತಾನೆ, ಒಪ್ಪಿದೆ. ಆದರೆ ವಾಪಸ್ ಬರಬೇಕಾದ ದುಡ್ಡೂ ಕುತ್ತಿಗೆ ಮೇಲೆ ಕೂರುತ್ತದೆ ಅಲ್ವಾ? ಸುಮ್ನೆ ಸಿದ್ಧಾಂತ ಬೇಡ, ಉದಾಹರಣೆ ಕೊಡಿ.

ಉತ್ತರ 1:
ತಾಂಜಾನಿಯಾದ ಅರುಷಾದಲ್ಲಿರುವ ಎ ಟು ಝಡ್ ಜವಳಿ ಕಂಪನಿ ನೋಡಿ. ಸೊಳ್ಳೆ ಪರದೆ ಮಾಡಲು ಜಪಾನಿನ ಸುಮಿಟೊಮೊ ಕೆಮಿಕಲ್ ತಂತ್ರಜ್ಞಾನ ಕೊಟ್ಟಿತು, ದಾನದ ದುಡ್ಡನ್ನು ಉದ್ಯಮಗಳಲ್ಲಿ ಹೂಡುವ ಅಕ್ಯುಮೆನ್ ಅನ್ನೋ ಸಂಸ್ಥೆ ಸಾಲ ಕೊಟ್ಟಿತು. ಸಾವಿರಾರು ಜನಕ್ಕೆ ಕೆಲಸ ಸಿಕ್ಕಿತು. ತಮಾಷೆ ಏನೆಂದರೆ ಅಲ್ಲಿನ ಪರದೆಗಳನ್ನು ಜಾಸ್ತಿ ಕೊಂಡವರು ಯುನಿಸೆಫ್‌ನಂಥ ಸಂಸ್ಥೆಗಳು, ಪುಕ್ಕಟೆ ಹಂಚೋದಕ್ಕೆ! ಮಾರುಕಟ್ಟೆಯ ಗೆಲುವು ಅಂತ ಹೇಳುವಾಗ ಈ ಭಾಗ ಯಾರೂ ಹೇಳಲ್ಲ.

ಉತ್ತರ 2:
ಪುಕ್ಕಟೆ ಕೊಟ್ಟರೆ ಜನ ಮುಂದೆ ಕೊಳ್ಳುವುದೇ ಇಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಕೀನ್ಯಾದಲ್ಲಿ ಗರ್ಭಿಣಿಯರಿಗೆ ಪರದೆ ಪುಕ್ಕಟೆ ಇದ್ದಾಗ ಹೆಚ್ಚುಕಡಿಮೆ ಎಲ್ಲರೂ ತಗೊಂಡರು, 60 ಸೆಂಟ್ ಬೆಲೆ ಇಟ್ಟ ಕೂಡಲೇ ನೂರಕ್ಕೆ ಸುಮಾರು 60 ಜನ ಬಿಟ್ಟರು (ಕೊಹೆನ್ ಮತ್ತು ಡ್ಯುಪಾ ಅವರ ಅಧ್ಯಯನ, 2010). ಮುಂದೆ ಡ್ಯುಪಾ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ಮೊದಲು ಪುಕ್ಕಟೆ ಅಥವಾ ತೀರಾ ಕಡಿಮೆ ಬೆಲೆಗೆ ಪಡೆದವರೇ ಆಮೇಲೆ ದುಡ್ಡು ಕೊಟ್ಟು ಕೊಳ್ಳಲು ಮುಂದೆ ಬಂದರು. ಬಳಸಿ ನೋಡಿದ್ದರಲ್ಲ.

ಉತ್ತರ 3:
ನನ್ನ ಲೆಕ್ಕದಲ್ಲಿ ದುಡ್ಡು ಎಷ್ಟು ದಿನ ಕಾಯುತ್ತದೆ ಅನ್ನುವುದೇ ಮುಖ್ಯ. ಕಿರುಸಾಲದಲ್ಲಿ (ಬಡವರಿಗೆ ಕೊಡುವ ಸಣ್ಣ ಸಾಲ) ಸಾಮಾನ್ಯವಾಗಿ ಸಾಲ ಕೈಗೆ ಬಂದ ಎರಡು ವಾರಕ್ಕೇ ಮೊದಲ ಕಂತು. ಹೊಲಿಗೆ ಯಂತ್ರ ಕೊಂಡವಳಿಗೆ ಅಷ್ಟರೊಳಗೆ ಗಿರಾಕಿ ಎಲ್ಲಿಂದ ಬರಬೇಕು? ಹಾಗಾಗಿ ದಿನಾ ದುಡ್ಡು ಬರುವ ಚಿಲ್ಲರೆ ವ್ಯಾಪಾರಕ್ಕೇ ಅಂಟಿಕೊಳ್ಳುತ್ತಾರೆ. ಕೋಲ್ಕತಾದಲ್ಲಿ ಒಂದು ಅಧ್ಯಯನಕ್ಕಾಗಿ ಕೆಲವರಿಗೆ ಮೊದಲ ಕಂತು ಕಟ್ಟಲು ಎರಡು ತಿಂಗಳು ಬಿಡುವು ಕೊಟ್ಟು ನೋಡಿದರು. ಅವರು ವ್ಯಾಪಾರಕ್ಕೆ ಹೆಚ್ಚು ಹಾಕಿದರು, ವರ್ಷಗಳ ನಂತರ ಲಾಭವೂ ಜಾಸ್ತಿ ಇತ್ತು. ಆದರೆ ಸಾಲ ಕಟ್ಟದವರೂ ಹೆಚ್ಚಾದರು.

ಇನ್ನೊಂದು ಕೊನೆ ಮೆಕ್ಸಿಕೋದ ಕಾಂಪಾರ್ಟಾಮೋಸ್ ಅನ್ನೋ ಕಿರುಸಾಲದ ಬ್ಯಾಂಕು. ದಾನದ ದುಡ್ಡಿನಿಂದ ಬೆಳೆದು, ವರ್ಷಕ್ಕೆ ಶೇ. 80ಕ್ಕಿಂತ ಜಾಸ್ತಿ ಬಡ್ಡಿ ವಸೂಲು ಮಾಡಿ, 2007ರಲ್ಲಿ ಷೇರು ಮಾರಿ ಹೂಡಿಕೆದಾರರಿಗೆ ಭಾರಿ ಲಾಭ ಮಾಡಿಕೊಟ್ಟಿತು. ಬಡ್ಡಿ ಕಟ್ಟಿದ ಹೆಂಗಸರಿಗೆ ಅದರಲ್ಲೇನು ಸಿಕ್ಕಿತು?

ಪ್ರಶ್ನೆ ಕೇಳಿದವರು:
ಕೋಲ್ಕತಾದ ವಿಷಯ ಗೊತ್ತಿರಲಿಲ್ಲ. ಹಾಗಾದರೆ ಬಿಡುವು ಕೊಟ್ಟು ವಾಪಸ್ ಬಾರದ ಸಾಲದ ನಷ್ಟ ಯಾರ ತಲೆಗೆ?

ಉತ್ತರ 3:
ದಾನಿಗಳ ತಲೆಗೆ. ಲಾಭ ನೋಡುವ ಬ್ಯಾಂಕು ಆ ನಷ್ಟ ಹೊರಲ್ಲ. ದಾನದ ದುಡ್ಡು ಬೇಕಿರುವುದು ಅಲ್ಲೇ.